ಎಡಗಾಲೂ ಅದೇ ಆಟ ಆಡಿತ್ತು

ಸಿದ್ಧಗಂಗೆಯ ಬೆಟ್ಟ ಹತ್ತುವುದು ನನಗೆ ಅಷ್ಟೇನೂ ಕಷ್ಟವಲ್ಲ. ಇಳಿಯುವುದೇ ಕಷ್ಟ. ಹತ್ತುವಾಗ ಏದುಸಿರು ಬಂದರೂ ಅಲ್ಲಲ್ಲಿ ನಿಂತು ಸುಧಾರಿಸಿಕೊಳ್ಳಬಹುದು. ಇಳಿಯುವಾಗ ಮಾತ್ರ ಬಲಮಂಡಿ ಒಂದೊಂದು ಮೆಟ್ಟಿಲಿಗೂ ಲೆಕ್ಕ ಕೇಳುತ್ತದೆ. ಹಾಗಾಗಿ ಮೈಯನ್ನು ಅಡ್ಡಕ್ಕೆ ತಿರುಗಿಸಿಕೊಂಡು, ಮೊದಲು ಬಲಗಾಲು ಇಳಿಸಿ, ಆಮೇಲೆ ಎಡಗಾಲನ್ನು ಅದರ ಪಕ್ಕಕ್ಕೆ ತಂದು, ಏಡಿಯ ಹಾಗೆ ಇಳಿಯುತ್ತೇನೆ. ಜೂನ್ ತಿಂಗಳ ಒಂದು ಭಾನುವಾರ ಹೀಗೆ ಇಳಿಯುತ್ತಿದ್ದಾಗ, ಎದುರಿಗೆ ಹತ್ತಿ ಬರುತ್ತಿದ್ದ ಅಜ್ಜಿಯೊಬ್ಬರು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ನಿಂತು, "ಯಾಕಮ್ಮ, ಇಷ್ಟು ಬೇಗ?" ಎಂದರು. ನಾನು ಯಾವಾಗಲೂ ಕೊಡುವ ಉತ್ತರವನ್ನೇ ಕೊಟ್ಟೆ: "ಶಾಲೆಯಲ್ಲಿ ಖೋಖೋ ಆಡುತ್ತಿದ್ದೆ ಅಜ್ಜಿ." ಅವರು ತಲೆಯಾಡಿಸಿ, "ಹಾಗಾದರೆ ಸರಿ" ಎಂದು ಮೇಲೆ ಹೊರಟುಹೋದರು. ಎಪ್ಪತ್ತು ದಾಟಿರಬಹುದು, ನನಗಿಂತ ಚೆನ್ನಾಗಿ ನಡೆಯುತ್ತಿದ್ದರು. ಕ್ಯಾತ್ಸಂದ್ರದಲ್ಲಿ ಬಸ್ಸು ಹತ್ತಿ ಮನೆ ಸೇರುವವರೆಗೂ ಆ "ಹಾಗಾದರೆ ಸರಿ" ತಲೆಯಲ್ಲೇ ಕುಳಿತಿತ್ತು. ಏನು ಸರಿ? ಆಟ ಆಡಿದವಳಿಗೆ ನಲವತ್ತನಾಲ್ಕಕ್ಕೇ ಮಂಡಿ ಹೋಗುವುದು ನ್ಯಾಯ ಎಂದೇ?

ಬೇರೆ ದಿನವಾಗಿದ್ದರೆ ಆ ಮಾತು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟುಬಿಡುವಂಥದ್ದು. ಆದರೆ ಆ ವಾರ ನಮ್ಮ ಮನೆಯ ಗೋಡೆಯ ಕ್ಯಾಲೆಂಡರಿಗೆ ಒಂದು ಕಾಗದ ಸಿಕ್ಕಿಸಿತ್ತು. ಪೋಷಕರ ಒಪ್ಪಿಗೆ ಪತ್ರ. ಎಂಟನೇ ತರಗತಿಯಲ್ಲಿರುವ ನನ್ನ ಮಗಳು ಶಾಲೆಯ ಖೋಖೋ ತಂಡಕ್ಕೆ ಹೆಸರು ಕೊಟ್ಟು ಬಂದಿದ್ದಳು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದು, ನಮ್ಮ ಪುರುಷರೂ ಮಹಿಳೆಯರೂ ನೇಪಾಳವನ್ನು ಸೋಲಿಸಿ ಗೆದ್ದರಲ್ಲ, ಮೈಸೂರು ಜಿಲ್ಲೆಯ ಚೈತ್ರಾ ಆ ಮಹಿಳಾ ತಂಡದಲ್ಲಿ ಓಡಿದ್ದನ್ನು ನೋಡಿದ ದಿನದಿಂದ ಇವಳು ಬಟ್ಟೆ ಒಣಹಾಕುವ ಕಂಬವನ್ನು ಹಿಡಿದು ಸುತ್ತುತ್ತಲೇ ಇದ್ದಾಳೆ. ನಾನು ಎಷ್ಟು ಹೇಳಿದರೂ ನಂಬದಿದ್ದವಳು ಟಿ.ವಿ.ಯಲ್ಲಿ ನೋಡಿದ ಮೇಲೆ ಖೋಖೋ ನಿಜವಾದ ಆಟ ಎಂದು ಒಪ್ಪಿಕೊಂಡಳು. ನನ್ನ ಅಮ್ಮ ಒಪ್ಪಿಗೆ ಪತ್ರ ನೋಡಿ ಒಂದೇ ಮಾತು ಹೇಳಿದಳು: "ಮನೆಗೆ ಒಂದು ಕುಂಟುಕಾಲು ಸಾಲದೇ?" ಪತ್ರ ಒಂಬತ್ತು ದಿನ ಕ್ಯಾಲೆಂಡರಿನಲ್ಲೇ ಇತ್ತು. ಆ ಒಂಬತ್ತು ದಿನದಲ್ಲಿ ಓದಿದ್ದು, ನೆನೆದದ್ದು ಎರಡೂ ಸೇರಿ ಈ ಬರಹ.

ಸವೆತ ಎಂಬ ಮಾತು

ಎರಡು ವರ್ಷದ ಹಿಂದೆ ನೋವು ತಡೆಯಲಾರದೆ ಆಸ್ಪತ್ರೆಗೆ ಹೋಗಿದ್ದೆ. ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಪೆನ್ನಿನ ತುದಿಯಿಂದ ಬಲಮಂಡಿಯ ಒಳಬದಿಯನ್ನು ತೋರಿಸಿ "ಸವೆದಿದೆ" ಎಂದರು. ಆಡುತ್ತಿದ್ದಿರಾ ಎಂದು ಕೇಳಿದರು. ಹೌದು ಎಂದೆ. "ಆಡಿದವರಿಗೆಲ್ಲ ಇದು ಮಾಮೂಲು" ಎಂದು ಬರೆಯತೊಡಗಿದರು. ಎಂದಾದರೂ ಪೆಟ್ಟಾಗಿತ್ತೇ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಚೀಟಿಯಲ್ಲಿ ಬಲಕ್ಕೆ ಗ್ರೇಡ್ 3, ಎಡಕ್ಕೆ ಗ್ರೇಡ್ 0 ಎಂದಿತ್ತು. ಈ ಗ್ರೇಡಿನ ಹಿಂದೆ ಒಂದು ಸಣ್ಣ ಕಥೆಯಿದೆ. ಸೊನ್ನೆ ಎಂದರೆ ಏನೂ ಇಲ್ಲ, ನಾಲ್ಕು ಎಂದರೆ ತೀರಾ ಹೆಚ್ಚು ಎನ್ನುವ ಈ ಲೆಕ್ಕವನ್ನು 1957ರಲ್ಲಿ ಕೊಟ್ಟವರು ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ಇಬ್ಬರು ಇಂಗ್ಲೆಂಡಿನ ವೈದ್ಯರು. ಅದಕ್ಕೂ ಮೊದಲು ಅವರು ನೋಡುತ್ತಿದ್ದದ್ದು ಆಟಗಾರರ ಮಂಡಿಗಳನ್ನಲ್ಲ, ಕಲ್ಲಿದ್ದಲ ಗಣಿಯಲ್ಲಿ ದುಡಿಯುತ್ತಿದ್ದವರ ಕೀಲುಗಳನ್ನು. ಕೋಲಾರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2001ರಲ್ಲಿ ಚಿನ್ನದ ಗಣಿ ಮುಚ್ಚಿದರೂ ಅಲ್ಲಿ ಬಗ್ಗಿ, ಮಂಡಿಯೂರಿ ದುಡಿದವರ ಮನೆಗಳಿಗೆ ಕಾಲುನೋವಿನ ಪರಿಚಯ ಬೇರೆ ಯಾರೂ ಮಾಡಿಕೊಡಬೇಕಾಗಿಲ್ಲ.

"ಸವೆತ" ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂದು ಈಗ ಅನ್ನಿಸುತ್ತಿದೆ. ಆ ಮಾತಿನ ಹಿಂದೆಯೇ ಗಾಡಿಯ ಲೆಕ್ಕ ಬಂದುಬಿಡುತ್ತದೆ: ಟೈರು ಓಡಿದಷ್ಟೂ ಸವೆಯುತ್ತದೆ, ಮಂಡಿಯಲ್ಲಿ ಗ್ರೀಸ್ ಮುಗಿಯುತ್ತದೆ, ಆದ್ದರಿಂದ ಓಡಿಸದೇ ಇಟ್ಟರೆ ಉಳಿಯುತ್ತದೆ. ಬೀಸುವ ಕಲ್ಲಿಗೆ ಈ ಲೆಕ್ಕ ಸರಿ. ಬೀಸುವವಳ ಅಂಗೈಗೆ ಸರಿಯಲ್ಲ. ಕಲ್ಲು ಸವೆದರೂ ಅಂಗೈ ಸವೆಯುವುದಿಲ್ಲ, ಜಡ್ಡುಗಟ್ಟುತ್ತದೆ. ಮಂಡಿಯೊಳಗಿನ ಮೃದ್ವಸ್ಥಿ ಅಂಗೈಯಷ್ಟು ಚುರುಕಿನದಲ್ಲ ನಿಜ, ಆದರೆ ಕಲ್ಲೂ ಅಲ್ಲ. ಮೂಳೆಯ ತುದಿಗೆ ಎಳನೀರಿನ ಗಂಜಿಯ ಬಣ್ಣದಲ್ಲಿ, ಕೆಲವೇ ಮಿಲಿಮೀಟರ್ ದಪ್ಪಕ್ಕೆ ಅಂಟಿಕೊಂಡಿರುವ ಜೀವಂತ ಪದರ ಅದು. ಅದಕ್ಕೆ ರಕ್ತನಾಳವಿಲ್ಲ, ನರವೂ ಇಲ್ಲ. ಊಟ ಬರುವುದು ಕೀಲಿನೊಳಗಿನ ಲೋಳೆಯಂಥ ದ್ರವದಿಂದ. ಕಾಲೂರಿದಾಗ ಒತ್ತಡಕ್ಕೆ ಹಿಂಡಿಕೊಂಡು, ಎತ್ತಿದಾಗ ಮತ್ತೆ ಹೀರಿಕೊಂಡು ಅದು ಬದುಕುತ್ತದೆ. ಎಂದರೆ ನಡೆಯದಿದ್ದರೆ ಅದಕ್ಕೆ ಉಪವಾಸ. ನರವಿಲ್ಲದ್ದರಿಂದ ಮೊದಮೊದಲು ಅದು ಹಾಳಾಗುವಾಗ ನೋವೂ ಗೊತ್ತಾಗುವುದಿಲ್ಲ. ನೋವು ಬರುವ ಹೊತ್ತಿಗೆ ಅಡಿಯ ಮೂಳೆ, ಸುತ್ತಲಿನ ಪೊರೆ, ತೊಡೆಯ ಸ್ನಾಯು ಎಲ್ಲವೂ ಜಗಳಕ್ಕೆ ಸೇರಿಕೊಂಡಿರುತ್ತವೆ. ಅಂದಹಾಗೆ ಬೆಟ್ಟ ಇಳಿಯುವಾಗಲೇ ಏಕೆ ಹೆಚ್ಚು ನೋವು ಎಂಬುದಕ್ಕೂ ಲೆಕ್ಕ ಸಿಕ್ಕಿತು. ಬರ್ಲಿನ್ನಿನ ಸಂಶೋಧಕರು ಕೃತಕ ಮಂಡಿಯೊಳಗೇ ಅಳತೆಯ ಉಪಕರಣ ಇರಿಸಿ ನೋಡಿ 2010ರಲ್ಲಿ ಪ್ರಕಟಿಸಿದ್ದಾರೆ: ಸಮತಟ್ಟಿನಲ್ಲಿ ನಡೆಯುವಾಗ ಮಂಡಿಯ ಮೇಲೆ ಬೀಳುವುದು ದೇಹದ ತೂಕದ ಸುಮಾರು ಎರಡೂವರೆ ಪಟ್ಟು, ಮೆಟ್ಟಿಲು ಹತ್ತುವಾಗ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಇಳಿಯುವಾಗ ಸುಮಾರು ಮೂರೂವರೆ ಪಟ್ಟು. ಏಡಿಯ ನಡಿಗೆಗೆ ನಾಚಿಕೊಳ್ಳುವುದನ್ನು ಅಂದಿನಿಂದ ಬಿಟ್ಟೆ.

ಯಾರು ಆಡಿದರು, ಏನು ಆಡಿದರು

ಆಟಕ್ಕೂ ಮಂಡಿಗೂ ಇರುವ ನಂಟನ್ನು ಹುಡುಕುತ್ತಾ ಹೋದಾಗ ಮೊದಲು ಸಿಕ್ಕಿದ್ದು ಫಿನ್ಲೆಂಡಿನ ಒಂದು ಹಳೆಯ ಅಧ್ಯಯನ, 1995ರದು. ಒಂದು ಕಾಲಕ್ಕೆ ದೇಶವನ್ನು ಪ್ರತಿನಿಧಿಸುವ ಮಟ್ಟದಲ್ಲಿದ್ದು, ನಿವೃತ್ತರಾಗಿ ನಡುವಯಸ್ಸು ದಾಟಿದ 117 ಗಂಡಸರ ಮಂಡಿಗಳ ಎಕ್ಸ್‌ರೇ ತೆಗೆದು ನೋಡಿದ್ದರು. ಮಂಡಿಯ ಕೀಲುವಾತ, ಎಂದರೆ ನನ್ನ ವೈದ್ಯರು ಸವೆತ ಎಂದದ್ದೇ, ಕಂಡದ್ದು ಶೂಟಿಂಗ್ ಪಟುಗಳಲ್ಲಿ ನೂರಕ್ಕೆ 3 ಮಂದಿಯಲ್ಲಿ, ಓಟಗಾರರಲ್ಲಿ 14, ಫುಟ್ಬಾಲ್ ಆಡಿದವರಲ್ಲಿ 29, ಭಾರ ಎತ್ತುವವರಲ್ಲಿ 31. ಇಷ್ಟನ್ನು ಮಾತ್ರ ಓದಿ ಮುಚ್ಚಿಟ್ಟಿದ್ದರೆ ಅಮ್ಮನ ಮಾತೇ ಗೆದ್ದಂತಾಗುತ್ತಿತ್ತು. ಆದರೆ ಸಂಶೋಧಕರು ಅಲ್ಲಿಗೇ ನಿಲ್ಲದೆ ಏಕೆ ಎಂದು ಕೆದಕಿದ್ದಾರೆ. ಫುಟ್ಬಾಲಿನವರಲ್ಲಿ ಹೆಚ್ಚಲು ಹಿಂದೆ ಮಂಡಿಗೆ ಬಿದ್ದ ಪೆಟ್ಟು ಒಂದು ಮುಖ್ಯ ಕಾರಣ. ಭಾರ ಎತ್ತುವವರಲ್ಲಿ ಹರೆಯದಲ್ಲೇ ಇದ್ದ ದೇಹತೂಕ ಕಾರಣ. ಅದೇ ಪಟ್ಟಿಯಲ್ಲಿ ಇನ್ನೂ ಒಂದು ಸಾಲಿದೆ. ಅದನ್ನು ಓದಿದಾಗ ನಾನು ಮೊಬೈಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ: ಭಾರದ ದುಡಿಮೆ, ಮಂಡಿಯೂರಿ ಅಥವಾ ಕುಕ್ಕರಗಾಲಿನಲ್ಲಿ ಕುಳಿತು ವರ್ಷಗಟ್ಟಲೆ ಮಾಡಿದ ಕೆಲಸ. ಅದರ ಮಾತು ಆಮೇಲೆ ಬರುತ್ತದೆ.

ಓಟದ ವಿಷಯದಲ್ಲಂತೂ ನಾವು ನಂಬಿದ್ದೇ ತಲೆಕೆಳಗು. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ಒಂದು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಹಿಡಿದು ನೋಡಿದ ವರದಿಯಲ್ಲಿ, ಸೊಂಟ ಅಥವಾ ಮಂಡಿಯ ಕೀಲುವಾತ ಇದ್ದದ್ದು ಆರೋಗ್ಯಕ್ಕೆಂದು, ಖುಷಿಗೆಂದು ಓಡುವವರಲ್ಲಿ ಶೇಕಡಾ 3.5. ಓಡದೆ ಕುಳಿತೇ ಇರುವವರಲ್ಲಿ 10.2. ಪದಕಕ್ಕಾಗಿ ಓಡುವ ದೊಡ್ಡ ಮಟ್ಟದ ಓಟಗಾರರಲ್ಲಿ 13.3. ಈ ಮೂರು ಅಂಕಿಗಳನ್ನು ನಮ್ಮ ಬ್ಯಾಂಕಿನ ಊಟದ ಹೊತ್ತಿನಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. ಮಧ್ಯದ ಅಂಕಿ ನಮ್ಮದೇ, ಕೌಂಟರಿನ ಹಿಂದೆ ಕುಳಿತವರದು, ಎಂದಾಗ ಒಬ್ಬರು ಡಬ್ಬಿ ಮುಚ್ಚಿ ಎದ್ದುಹೋದರು. ಓಡಿದ್ದರಿಂದಲೇ ಮಂಡಿ ಉಳಿಯಿತು ಎಂದು ಇದರಿಂದ ಹಾರಿ ಹೇಳುವಂತಿಲ್ಲ, ಅದು ನನಗೂ ಗೊತ್ತು. ಮಂಡಿ ಚೆನ್ನಾಗಿದ್ದವರೇ ಓಟ ಮುಂದುವರಿಸಿರಬಹುದು, ಓಡುವವರು ತೆಳ್ಳಗಿರುವುದೂ ಹೆಚ್ಚು. ಆದರೂ ಅಮೆರಿಕದ ಸ್ಟಾನ್‌ಫರ್ಡಿನಲ್ಲಿ 1984ರಿಂದ ಸುಮಾರು ಹದಿನೆಂಟು ವರ್ಷ, ವಯಸ್ಸಾದ ಓಟಗಾರರನ್ನೂ ಓಡದವರನ್ನೂ ಹಿಂಬಾಲಿಸಿ ನೋಡಿದಾಗ, ಓಟಗಾರರ ಮಂಡಿಗಳು ಹೆಚ್ಚು ಕೆಟ್ಟಿರಲಿಲ್ಲ. ಟೈರಿನ ಲೆಕ್ಕ ಇಲ್ಲಿ ಪಂಕ್ಚರಾಗುತ್ತದೆ. ಓಡಿದ ಕಿಲೋಮೀಟರ್ ಎಷ್ಟು ಎಂಬುದಕ್ಕಿಂತ, ಓಡುವ ಕಾಲಿಗೆ ಏನಾದರೂ ಆಗಿತ್ತೇ ಎಂಬುದೇ ದೊಡ್ಡ ಪ್ರಶ್ನೆ.

ಇಷ್ಟೆಲ್ಲ ಓದಿದ ಮೇಲೆ ಬೀರುವಿನಿಂದ ನನ್ನದೇ ಎಕ್ಸ್‌ರೇ ತೆಗೆದು ಕಿಟಕಿಗೆ ಹಿಡಿದೆ. ಬಲ 3, ಎಡ 0. ಎರಡು ವರ್ಷದಿಂದ ಮನೆಯಲ್ಲೇ ಇದ್ದ ಉತ್ತರ ಅದು. ಹೋಬಳಿಯಿಂದ ವಿಭಾಗ ಮಟ್ಟದವರೆಗೆ ಓಡಿದ್ದು ಎರಡೂ ಕಾಲು. ಚೌಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಖೋ ಸಿಕ್ಕ ಕೂಡಲೇ ಚಿಮ್ಮಿದ್ದು ಎರಡೂ ಕಾಲು. ಆಟವೇ ಮಂಡಿಯನ್ನು ತಿಂದಿದ್ದರೆ ಎಡಗಾಲನ್ನು ಏಕೆ ಬಿಟ್ಟಿತು?

ಕಂಬದ ಬಳಿ

1996. ನಾನು ಹತ್ತನೇ ತರಗತಿ. ಮಧುಗಿರಿ ಸೀಮೆಯ ನಮ್ಮ ಹಳ್ಳಿಯ ಪ್ರೌಢಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಇದ್ದ ಆಟ ಒಂದೇ. ಅದಕ್ಕೆ ಎರಡು ಕಂಬ, ಒಂದಷ್ಟು ಸುಣ್ಣದ ಪುಡಿ ಸಾಕು, ಬೇರೆ ಖರ್ಚಿಲ್ಲ. ಖೋಖೋ ಆಡದವರಿಗೆ ಒಂದು ಮಾತು: ಬೆನ್ನಟ್ಟುವವಳು ಒಮ್ಮೆ ಒಂದು ದಿಕ್ಕಿಗೆ ಹೊರಟರೆ ಕಂಬ ಮುಟ್ಟುವವರೆಗೆ ಹಿಂದಿರುಗುವಂತಿಲ್ಲ. ಹಾಗಾಗಿ ಇಡೀ ಆಟದ ಜಾಣತನವೆಲ್ಲ ಕಂಬದ ಸುತ್ತಲೇ. ಪೂರ್ತಿ ವೇಗದಲ್ಲಿ ಬಂದು, ಒಂದು ಕೈಯಲ್ಲಿ ಕಂಬವನ್ನು ಬಾಚಿ ಹಿಡಿದು, ಮೈಯನ್ನು ಹೊರಕ್ಕೆ ಎಸೆದು ತಿರುಗಬೇಕು. ಕಂಬ ಚೆನ್ನಾಗಿ ತಿರುಗುವವಳಿಗೆ ತಂಡದಲ್ಲಿ ಬೇರೆಯೇ ಬೆಲೆ. ನಾನು ಚೆನ್ನಾಗಿ ತಿರುಗುತ್ತಿದ್ದೆ. ಅಪ್ಪ ಆಟಕ್ಕೆ ಕಳಿಸಿದ್ದು ಒಂದೇ ಕರಾರಿನ ಮೇಲೆ: "ಮೊದಲ ಪೆಟ್ಟು ಬಿದ್ದ ದಿನ ಆಟ ಮುಗಿಯಿತು ಎಂದು ತಿಳಿದುಕೋ." ಹೆಣ್ಣುಹುಡುಗಿಗೆ ಕಾಲು ಮುರಿದರೆ ಮುಂದೇನು ಎಂಬ ಮಾತನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಜಿಲ್ಲಾ ಮಟ್ಟದ ಪಂದ್ಯ ತುಮಕೂರಿನ ಕ್ರೀಡಾಂಗಣದಲ್ಲಿ. ಎರಡನೇ ಸರದಿಯಲ್ಲಿ ನಾವು ಬೆನ್ನಟ್ಟುತ್ತಿದ್ದೆವು. ಕೆಂಪು ರಿಬ್ಬನ್ನಿನ ಹುಡುಗಿಯೊಬ್ಬಳು ಕಂಬದ ಬಳಿ ನನ್ನನ್ನು ಆಟವಾಡಿಸುತ್ತಿದ್ದಳು. ಕಂಬ ಹಿಡಿದೆ, ಮೈ ತಿರುಗಿತು. ಬಲಗಾಲು ಮಾತ್ರ ತಿರುಗಲಿಲ್ಲ, ಸುಣ್ಣದ ಗೆರೆಯ ಪಕ್ಕದ ಮಣ್ಣಿನಲ್ಲಿ ಊರಿದ್ದು ಊರಿದಂತೆಯೇ ನಿಂತಿತು. ಒಳಗಿನಿಂದ ಹಸಿ ಕಡ್ಡಿ ಮುರಿದ ಹಾಗೆ ಲಟಕ್ಕೆಂದಿತು. ಯಾರೂ ನನ್ನನ್ನು ತಳ್ಳಿರಲಿಲ್ಲ, ಮುಟ್ಟಿಯೂ ಇರಲಿಲ್ಲ. ಮಂಡಿಯೊಳಗೆ ಮೇಲಿನ ಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಬಿಗಿದಿಡುವ ಎಸಿಎಲ್ ಎಂಬ ಅಡ್ಡಪಟ್ಟಿ ಹರಿಯುವುದು ಬಹುಪಾಲು ಹೀಗೆಯೇ ಎಂದು ಗೊತ್ತಾಗಲು ಇಪ್ಪತ್ತೇಳು ವರ್ಷ ಬೇಕಾಯಿತು: ಊರಿದ ಪಾದ, ಒಳಕ್ಕೆ ವಾಲಿದ ಮಂಡಿ, ಮೇಲೆ ತಿರುಗುವ ಮೈ. ಹುಡುಗರಿಗಿಂತ ಹುಡುಗಿಯರಲ್ಲಿ ಇದು ಹಲವು ಪಟ್ಟು ಹೆಚ್ಚು. ಅಂದು ಗೊತ್ತಿದ್ದದ್ದು ಇಷ್ಟೇ: ಕಣ್ಣು ಕತ್ತಲೆ ಬಂತು, ಗೆಳತಿಯೊಬ್ಬಳು ನೀರು ಚಿಮುಕಿಸಿದಳು, ಮೇಷ್ಟರು ಬಿಳಿ ಬಟ್ಟೆ ಬಿಗಿದು "ಉಳುಕಿದೆ, ಅಷ್ಟೇ" ಎಂದರು. ನಾವು ಗೆದ್ದಿದ್ದೆವು. ಬಸ್ಸಿನಲ್ಲಿ ಎಲ್ಲರೂ ಹಾಡುತ್ತಿದ್ದರು. ನಾನೂ ಹಾಡಿದೆ, ಕಾಲನ್ನು ಎದುರು ಸೀಟಿನಡಿಗೆ ಚಾಚಿಕೊಂಡು.

ಕೊರಟಗೆರೆ ದಾಟುವಷ್ಟರಲ್ಲಿ ಮಂಡಿ ತೆಂಗಿನಕಾಯಿಯಾಗಿತ್ತು. ವಿಭಾಗ ಮಟ್ಟದ ಪಂದ್ಯಕ್ಕೆ ಇಪ್ಪತ್ತನಾಲ್ಕು ದಿನ ಇತ್ತು. ಬಟ್ಟೆ ಬಿಚ್ಚಿ ಬ್ಯಾಗಿನಲ್ಲಿ ಹಾಕಿಕೊಂಡು, ಲಂಗ ಇಳಿಬಿಟ್ಟು, ಕುಂಟದೆ ಮನೆಯೊಳಗೆ ನಡೆದ ಆ ಹದಿನೈದು ಹೆಜ್ಜೆಯಷ್ಟು ಕಷ್ಟದ ಆಟವನ್ನು ನಾನು ಆಮೇಲೆ ಎಂದೂ ಆಡಿಲ್ಲ. ರಾತ್ರಿ ನರಳಿದ್ದು ಕೇಳಿ ಅಮ್ಮ ಎದ್ದು ಬಂದಳು. ನೀರು ಹೊತ್ತು ಕಾಲು ನೋಯುತ್ತಿದೆ ಎಂದೆ. ಆಗ ಊರಾಚೆಯ ಬೋರ್‌ವೆಲ್‌ನಿಂದ ದಿನಕ್ಕೆ ಎಂಟು ಹತ್ತು ಬಿಂದಿಗೆ ಹೊರುತ್ತಿದ್ದೆವು, ಸುಳ್ಳಿಗೆ ಅದು ಒದಗಿ ಬಂತು. ಅಮ್ಮ ಹರಳೆಣ್ಣೆ ಬಿಸಿ ಮಾಡಿ, ದೀಪ ಹಚ್ಚದೆ ಕತ್ತಲಲ್ಲೇ ತಿಕ್ಕಿದಳು. ಮರುದಿನದಿಂದ ನೀರಿಗೆ ಅವಳೇ ಹೋದಳು. ನಾನು ಹತ್ತನೇ ದಿನ ಶಾಲೆಯ ಮೈದಾನದಲ್ಲಿ ಓಡಿದೆ. ಇಪ್ಪತ್ತನಾಲ್ಕನೇ ದಿನ ಆಡಿದೆ. ಮಂಡಿ ಎರಡು ಬಾರಿ ಜಾರಿತು, ಒಳಗಿನ ಕೀಲಿ ಕಳಚಿದ ಹಾಗೆ. ಮೂರನೇ ಬಾರಿ ಜಾರಿದಾಗ ಬಿದ್ದೆ. ಅಲ್ಲಿಗೆ ನನ್ನ ಖೋಖೋ ಮುಗಿಯಿತು. ಮನೆಯಲ್ಲಿ "ಹತ್ತನೇ ತರಗತಿ ಪರೀಕ್ಷೆಗೆ ಓದಬೇಕು, ಅದಕ್ಕೆ ಬಿಟ್ಟೆ" ಎಂದೆ. ಅಪ್ಪನಿಗೆ ಬಹಳ ಸಂತೋಷವಾಯಿತು.

ಆಮೇಲೆ ವರ್ಷಕ್ಕೆ ಒಂದೆರಡು ಬಾರಿ ಬಸ್ಸು ಇಳಿಯುವಾಗಲೋ ಮದುವೆಮನೆಯ ನುಣುಪು ನೆಲದ ಮೇಲೋ ಮಂಡಿ ಜಾರುತ್ತಿತ್ತು. ಪ್ರತಿ ಬಾರಿ ಜಾರಿದಾಗಲೂ ಒಳಗಿನ ಮೆನಿಸ್ಕಸ್ ಎಂಬ ಎರಡು ಮೆತ್ತೆಗಳು ಕಲ್ಲಿನ ನಡುವೆ ಸಿಕ್ಕ ಬಟ್ಟೆಯ ಹಾಗೆ ನಲುಗುತ್ತಿದ್ದವು. ಎಂಆರ್‌ಐ ಮಾಡಿಸಿದಾಗ ಎಸಿಎಲ್ ಇದ್ದ ಜಾಗದಲ್ಲಿ ಏನೂ ಇರಲಿಲ್ಲ, ಒಳಬದಿಯ ಮೆತ್ತೆ ಚಿಂದಿಯಾಗಿತ್ತು. ಸ್ವೀಡನ್ನಿನಲ್ಲಿ ಫುಟ್ಬಾಲ್ ಆಡುವಾಗ ಎಸಿಎಲ್ ಹರಿದುಕೊಂಡ ಹೆಣ್ಣುಮಕ್ಕಳನ್ನು ಹನ್ನೆರಡು ವರ್ಷದ ನಂತರ ಕರೆದು ನೋಡಿ 2004ರಲ್ಲಿ ಬರೆದಿದ್ದಾರೆ: ಸುಮಾರು ಅರ್ಧದಷ್ಟು ಮಂದಿಯ ಎಕ್ಸ್‌ರೇಯಲ್ಲಿ ಆಗಲೇ ಕೀಲುವಾತ. ಅವರ ಸರಾಸರಿ ವಯಸ್ಸು ಮೂವತ್ತೊಂದು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೂ ಮಾಡಿಸಿಕೊಳ್ಳದವರಿಗೂ ಇದರಲ್ಲಿ ವ್ಯತ್ಯಾಸವಿರಲಿಲ್ಲ. ಹಾಗೆಂದು ಚಿಕಿತ್ಸೆ ವ್ಯರ್ಥವಲ್ಲ. ಮಂಡಿ ಜಾರುವುದನ್ನು ಅದು ತಡೆಯುತ್ತದೆ, ಮತ್ತೆ ಆಡಲು ಬಿಡುತ್ತದೆ. ಆದರೆ ಆತುರ ಅದಕ್ಕೂ ಆಗದು. ಹೊಸ ಪಟ್ಟಿ ಹಾಕಿಸಿಕೊಂಡವರು ಕನಿಷ್ಠ ಒಂಬತ್ತು ತಿಂಗಳು ಇಂಥ ಆಟಗಳಿಂದ ದೂರವಿರಬೇಕು ಎನ್ನುತ್ತಾರೆ. ನಾರ್ವೆಯಲ್ಲಿ 2016ರಲ್ಲಿ ಕಂಡುಕೊಂಡ ಪ್ರಕಾರ, ಒಂಬತ್ತು ತಿಂಗಳವರೆಗೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಷ್ಟೂ ಮತ್ತೆ ಪೆಟ್ಟಾಗುವ ಸಂಭವ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಚಿಕಿತ್ಸೆ ಆದವರಿಗೇ ಒಂಬತ್ತು ತಿಂಗಳು. ನನ್ನದು ಹರಳೆಣ್ಣೆಯ ಇಪ್ಪತ್ತನಾಲ್ಕು ದಿನ.

ನನ್ನ ಬಲಮಂಡಿಯನ್ನು ಕೆಡಿಸಿದ್ದು ಖೋಖೋ ಎಂದು ಇಷ್ಟು ವರ್ಷ ನಾನೇ ಎಲ್ಲರಿಗೂ ಹೇಳಿಕೊಂಡು ಬಂದೆ. ಪೆಟ್ಟು ಕೊಟ್ಟದ್ದು ಖೋಖೋ, ಹೌದು. ಪೆಟ್ಟಾಯಿತು ಎಂದು ಬಾಯಿಬಿಡಲು ಆಗದಿದ್ದದ್ದು ಖೋಖೋದ ತಪ್ಪಲ್ಲ. ನೋವೆಂದರೆ ಆಟ ಹೋಗುತ್ತದೆ ಎಂಬ ಕರಾರಿನ ಮೇಲೆ ಆಡಲು ಬಿಟ್ಟವರ ಮನೆಯಲ್ಲಿ, ನೋವನ್ನು ಬಚ್ಚಿಡುವುದೂ ಆಟದ ನಿಯಮವೇ ಆಗಿಬಿಡುತ್ತದೆ.

ಆಡದವಳ ಮಂಡಿ

ಅಮ್ಮ ಜೀವಮಾನದಲ್ಲಿ ಯಾವ ಆಟವನ್ನೂ ಆಡಿದವಳಲ್ಲ. ಚೌಕಾಬಾರವನ್ನೂ ಹಬ್ಬದ ದಿನ ಮಾತ್ರ. ಅವಳ ಎರಡೂ ಮಂಡಿ ಗ್ರೇಡ್ 4. ನನಗೆ ನೆನಪಿರುವ ಅಮ್ಮ ಯಾವಾಗಲೂ ನೆಲದ ಮಟ್ಟದಲ್ಲೇ ಇರುತ್ತಾಳೆ: ರಾಗಿ ಹೊಲದಲ್ಲಿ ಕಳೆ ಕೀಳುತ್ತಾ ಕುಕ್ಕರಗಾಲಲ್ಲೇ ಸಾಲಿನಿಂದ ಸಾಲಿಗೆ ಸರಿಯುವವಳು, ಕಡಲೆಕಾಯಿ ಬಿಡಿಸುವವಳು, ಸಗಣಿ ಸಾರಿಸುವವಳು. ಹುಣಸೆಹಣ್ಣಿನ ಕಾಲ ಬಂದರಂತೂ ಮೂರು ತಿಂಗಳು ಅದೇ ಭಂಗಿ. ನಮ್ಮ ಕಡೆಯ ಹುಣಸೆ ತುಮಕೂರು ಮಾರುಕಟ್ಟೆಗೆ ಹೋಗುವ ಮುನ್ನ ಯಾರದೋ ಜಗುಲಿಯಲ್ಲಿ ಸಿಪ್ಪೆ ಒಡೆದು, ನಾರು ತೆಗೆದು, ಬೀಜ ಕುಟ್ಟಿ ಬಿಡಿಸಿಕೊಳ್ಳಬೇಕು. ಒಂದು ಕಾಲು ಮಡಚಿ ಅಡಿಗೆ ಹಾಕಿಕೊಂಡು, ಇನ್ನೊಂದು ಮಂಡಿಯನ್ನು ಗಲ್ಲದವರೆಗೆ ಎತ್ತಿ, ಎಡಗೈಯಲ್ಲಿ ಹಣ್ಣು, ಬಲಗೈಯಲ್ಲಿ ಕೊಡತಿ. ಸಂಜೆ ಏಳುವಾಗ ಗೋಡೆ ಹಿಡಿದು "ಅಯ್ಯಪ್ಪಾ" ಎನ್ನುತ್ತಿದ್ದಳು. ಅದನ್ನು ನಾವು ಪದವೆಂದೂ ಎಣಿಸುತ್ತಿರಲಿಲ್ಲ. ಹಸು ಅಂಬಾ ಎನ್ನುವ ಹಾಗೆ, ಅಮ್ಮ ಎದ್ದಾಗ ಬರುವ ಸದ್ದು ಅದು. ಫಿನ್ಲೆಂಡಿನ ಪಟ್ಟಿಯಲ್ಲಿದ್ದ ಆ ಕೊನೆಯ ಸಾಲು ಇವಳದೇ. ಅವಳ ಮಂಡಿಗೆ ಮಾತ್ರ ಯಾರೂ "ಹಾಗಾದರೆ ಸರಿ" ಎನ್ನುವುದಿಲ್ಲ. ಯಾರೂ ಕಾರಣವನ್ನೇ ಕೇಳುವುದಿಲ್ಲ. ಕೇಳಿದರೂ "ವಯಸ್ಸಾಯಿತಲ್ಲ" ಎಂದುಬಿಡುತ್ತಾರೆ. ನಾನು ಮೂರು ವರ್ಷ ಆಡಿದ್ದಕ್ಕೆ ಊರಿಗೆಲ್ಲ ಕಾರಣ ಗೊತ್ತು, ಅವಳು ಐವತ್ತು ವರ್ಷ ದುಡಿದದ್ದಕ್ಕೆ ಕಾರಣ ವಯಸ್ಸು.

ನಮ್ಮ ಸೀಮೆಯಲ್ಲಿ ಕಾಲುನೋವಿಗೆ ಇನ್ನೊಂದು ಹೆಸರಿದೆ, ಫ್ಲೋರೈಡ್. ಪಾವಗಡ, ಶಿರಾ, ಮಧುಗಿರಿಯ ಆಳದ ಬೋರ್‌ವೆಲ್ ನೀರು ಕುಡಿದವರಿಗೆ ಅದನ್ನು ವಿವರಿಸುವುದು ಬೇಡ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದ್ದು ದಾಟಿ ವರ್ಷಗಟ್ಟಲೆ ಒಳಗೆ ಹೋದರೆ ಹಲ್ಲು ಕಂದುತ್ತದೆ, ಬೆನ್ನು ಕೀಲು ಬಿಗಿಯುತ್ತವೆ. ಅಮ್ಮನಿಗೂ ಆ ಪರೀಕ್ಷೆ ಮಾಡಿಸಿದೆವು, ಅವಳದು ಅದಲ್ಲ ಎಂದರು. ತೂಕದ ಮಾತೂ ಬಂತು. ಅಮೆರಿಕದ ಫ್ರಾಮಿಂಗ್‌ಹ್ಯಾಮಿನಲ್ಲಿ ಹತ್ತು ವರ್ಷದಲ್ಲಿ ಐದು ಕಿಲೋದಷ್ಟು ಇಳಿದ ಹೆಂಗಸರಲ್ಲಿ ಮಂಡಿನೋವಿನ ಕೀಲುವಾತದ ಸಂಭವ ಅರ್ಧಕ್ಕಿಂತ ಕಡಿಮೆಯಾಗಿತ್ತಂತೆ. ಅಮ್ಮನ ತೂಕ ನಲವತ್ತೇಳು, ಇನ್ನೆಲ್ಲಿಂದ ಇಳಿಸುವುದು? ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆಯ ಮಾತು ತೆಗೆದರೆ "ಅದೆಲ್ಲ ವಾಜಪೇಯಿ ಅವರಿಗೆ" ಎನ್ನುತ್ತಾಳೆ. 2000 ಮತ್ತು 2001ರಲ್ಲಿ ಪ್ರಧಾನಿಯ ಎರಡು ಮಂಡಿಗಳು ಪತ್ರಿಕೆಯ ಮುಖಪುಟಕ್ಕೆ ಬಂದ ಮೇಲೆ ಅವಳ ಪಾಲಿಗೆ ಅದು ಪ್ರಧಾನಿಗಳ ಕಾಯಿಲೆ. 2017ರ ಆಗಸ್ಟಿನಲ್ಲಿ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿದೆ, ಮೊದಲಿನಷ್ಟು ದುಬಾರಿಯಲ್ಲ ಎಂದರೆ, ಹಾಗಾದರೆ ನೀನು ಮೊದಲು ಮಾಡಿಸಿಕೋ ಎನ್ನುತ್ತಾಳೆ.

ಸಹಿ

ಎಂಟನೇ ದಿನ ಶಾಲೆಗೆ ಹೋಗಿ ದೈಹಿಕ ಶಿಕ್ಷಕಿಯನ್ನು ಕಂಡೆ. ಜಗಳಕ್ಕೆ ಬಂದ ತಾಯಿ ಎಂದುಕೊಂಡರೋ ಏನೋ, ಮೊದಲೇ "ನಾವು ಯಾರನ್ನೂ ಬಲವಂತ ಮಾಡುವುದಿಲ್ಲ ಮೇಡಂ" ಎಂದರು. ಆಟಕ್ಕೆ ಮುನ್ನ ಮಕ್ಕಳಿಗೆ ಏನು ಮಾಡಿಸುತ್ತೀರಿ ಎಂದು ಕೇಳಿದೆ. ಮೈದಾನಕ್ಕೆ ಎರಡು ಸುತ್ತು ಎಂದರು. ನಾನು ಮೊಬೈಲ್ ತೆಗೆದೆ. ನಾರ್ವೆಯಲ್ಲಿ ಹದಿಮೂರರಿಂದ ಹದಿನೇಳರ ಫುಟ್ಬಾಲ್ ಹುಡುಗಿಯರಿಗೆ ಇಪ್ಪತ್ತು ನಿಮಿಷದ ಒಂದು ಅಭ್ಯಾಸವನ್ನು ತಪ್ಪದೆ ಮಾಡಿಸಿದಾಗ ಗಾಯಗಳು ಸುಮಾರು ಮೂರನೇ ಒಂದರಷ್ಟು ಇಳಿದವು ಎಂದು 2008ರಲ್ಲಿ ಪ್ರಕಟವಾಗಿದೆ. ಅದಕ್ಕೆ ಯಂತ್ರ ಬೇಡ, ಹಣ ಬೇಡ. ಒಂಟಿಕಾಲಲ್ಲಿ ನಿಲ್ಲುವುದು, ಹಾರಿ ಇಳಿಯುವಾಗ ಮಂಡಿ ಬಾಗಿಸಿ ಮೆತ್ತಗೆ ಇಳಿಯುವುದು, ಮಂಡಿ ಒಳಕ್ಕೆ ವಾಲದೆ ಪಾದದ ನೇರಕ್ಕೇ ಇರುವ ಹಾಗೆ ನೋಡಿಕೊಳ್ಳುವುದು, ತೊಡೆಯ ಹಿಂಬದಿಯನ್ನು ಗಟ್ಟಿ ಮಾಡುವುದು. ಶಿಕ್ಷಕಿ ಮೊದಲು ಸೌಜನ್ಯಕ್ಕೆ ನೋಡಿದರು, ಆಮೇಲೆ ನಿಜವಾಗಿಯೂ ನೋಡಿದರು. ಕಾರಿಡಾರಿನಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗಿಯರನ್ನು ಕರೆದು ಕಟ್ಟೆಯಿಂದ ಕೆಳಕ್ಕೆ ಹಾರಿಸಿದರು. ಒಬ್ಬಳು ಬೆಕ್ಕಿನ ಹಾಗೆ ಇಳಿದಳು. ಇನ್ನೊಬ್ಬಳ ಎರಡು ಮಂಡಿಗಳೂ ಇಳಿದ ಕೂಡಲೇ ಒಂದಕ್ಕೊಂದು ಮುತ್ತಿಟ್ಟವು. "ಅಯ್ಯೋ, ಇವಳೇ ನಮ್ಮ ತಂಡದಲ್ಲಿ ಕಂಬ ತಿರುಗುವವಳು" ಎಂದರು ಶಿಕ್ಷಕಿ. ಎರಡನೆಯವಳು ನನ್ನ ಮಗಳ ಗೆಳತಿ. ಅವಳ ಮಂಡಿಯನ್ನೇ ನೋಡುತ್ತಾ ನಿಂತಿದ್ದಾಗ ನನ್ನ ಬಲಗೈ ತಾನಾಗಿಯೇ ನನ್ನ ಮಂಡಿಯ ಮೇಲೆ ಹೋಗಿತ್ತು.

ಒಂಬತ್ತನೇ ದಿನ ಸಹಿ ಹಾಕಿದೆ. ಹಾಕುವ ಮುನ್ನ ಮಗಳನ್ನು ಎದುರು ಕೂರಿಸಿಕೊಂಡು, ಅಪ್ಪನ ಕರಾರನ್ನು ಮಗುಚಿಹಾಕಿ ಹೇಳಿದೆ: ಪೆಟ್ಟಾದರೆ ಅಂದೇ ಹೇಳಬೇಕು, ಹೇಳಿದ ಕಾರಣಕ್ಕೆ ಆಟ ಬಿಡಿಸುವುದಿಲ್ಲ, ವಾಸಿಯಾದ ಮೇಲೆ ಮತ್ತೆ ಕಳಿಸುತ್ತೇನೆ. ಅವಳು ಎಲ್ಲದಕ್ಕೂ ಹೂಂಗುಟ್ಟಿದಳು. ಅವಳ ಕಣ್ಣು ಪೆನ್ನಿನ ಮೇಲಿತ್ತು. ಅಮ್ಮ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು, ಏನೂ ಅನ್ನಲಿಲ್ಲ.

ತಾಲ್ಲೂಕು ಮಟ್ಟದ ಪಂದ್ಯಕ್ಕೆ ಎರಡು ವಾರ ಇರುವಾಗ ಒಂದು ಸಂಜೆ ಕಚೇರಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆ ಹರಳೆಣ್ಣೆಯ ವಾಸನೆ ಬಂತು. ನಮ್ಮ ಮನೆಯಲ್ಲಿ ಯಾರೂ ತಲೆಗೆ ಹರಳೆಣ್ಣೆ ಹಚ್ಚುವುದಿಲ್ಲ. ಮಗಳು ಸೋಫಾದ ಮೇಲೆ ಕಾಲು ಮಡಚಿಕೊಂಡು ಪುಸ್ತಕ ಹಿಡಿದಿದ್ದಳು, ಅಮ್ಮ ಕುರ್ಚಿಯಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದಳು. ಮಗಳ ಪಾದ ಎಳೆದು ನೋಡಿದೆ. ಕಣಕಾಲು ಊದಿತ್ತು, ಹೆಚ್ಚೇನಲ್ಲ, ಒಂದು ನೆಲ್ಲಿಕಾಯಿಯಷ್ಟು. ಎಷ್ಟು ದಿನವಾಯಿತು ಎಂದೆ. "ನಾಲ್ಕು" ಎಂದಳು. ನನಗೇಕೆ ಹೇಳಲಿಲ್ಲ ಎಂದರೆ ಅಜ್ಜಿಯ ಮುಖ ನೋಡಿದಳು. ಅಮ್ಮ ತಲೆ ಎತ್ತದೆ, "ಹೇಳಿದರೆ ನೀನು ಬಿಡಿಸುತ್ತಿದ್ದೆ" ಎಂದಳು. ಬಿಡಿಸುವುದಿಲ್ಲ ಎಂದು ನಿನ್ನ ಎದುರಿಗೇ ಹೇಳಿದ್ದೆನಲ್ಲ ಎಂದೆ. ದನಿ ಸ್ವಲ್ಪ ಏರಿತ್ತು. "ಈಗ ಹೀಗನ್ನುತ್ತೀಯ. ಊದಿದ್ದನ್ನು ನೋಡಿದ ಮೇಲೆ ಎಲ್ಲರೂ ಬಿಡಿಸುವವರೇ. ನಿಮ್ಮಪ್ಪ ಬಿಡಿಸುತ್ತಿರಲಿಲ್ಲವೇ?"

ಅಪ್ಪನಿಗೆ ಗೊತ್ತೇ ಇರಲಿಲ್ಲ, ನಿನಗೂ ಗೊತ್ತಿರಲಿಲ್ಲ, ನೀರು ಹೊತ್ತು ನೋವು ಎಂದು ತಾನೇ ನಿನಗೂ ಹೇಳಿದ್ದೆ ಎಂದೆ.

ಅಮ್ಮ ದಂಟಿನ ಸಿಪ್ಪೆಯನ್ನು ಉದ್ದಕ್ಕೆ ಎಳೆದು ಪಕ್ಕಕ್ಕಿಟ್ಟಳು. "ನೀರು ಹೊತ್ತರೆ ಒಂದೇ ಮಂಡಿ ಊದುತ್ತದೆಯೇ?" ಎಂದಳು.